ಗೊಂಬೆಗಳ ಮುಖಕ್ಕೆ ಬೆಳಕು ತಂದ ಬಗೆ

ಸಿನಿಮಾ ಪಾತ್ರಗಳ, ಸುಮಾರು 30 ಸೆಂಟಿಮೀಟರ್ ಎತ್ತರದ ಸಂಗ್ರಹಯೋಗ್ಯ ಗೊಂಬೆಗಳಿಗಾಗಿ ಪ್ಲೈವುಡ್ ಮತ್ತು ಗಾಜಿನ ಕಪಾಟು ಮಾಡಿಸಿ, ಪ್ರತಿ ಅಂಕಣದ ಮೇಲ್ಹಲಗೆಯ ನಡುವೆ 12 ವೋಲ್ಟಿನ ಎಲ್‌ಇಡಿ ಪಟ್ಟಿ ಅಂಟಿಸಿದಾಗ, ತಲೆ ಮತ್ತು ಭುಜಗಳು ಹೊಳೆದರೂ ಮುಖವೆಲ್ಲ ನೆರಳಿನಲ್ಲಿ ಉಳಿಯಿತು. ಟೋಪಿ ಧರಿಸಿದ ಗೊಂಬೆಗಳಿಗಂತೂ ಕಣ್ಣೇ ಕಾಣುತ್ತಿರಲಿಲ್ಲ. ನುಣುಪಾದ ಕಪ್ಪು ಹೆಲ್ಮೆಟ್ಟಿನ ಮೇಲೆ ಒಂದೊಂದು ಎಲ್‌ಇಡಿಯೂ ಬಿಳಿ ಚುಕ್ಕೆಯಾಗಿ ಪ್ರತಿಫಲಿಸುತ್ತಿತ್ತು.

ಬೆಳಕು ಹೆಚ್ಚಿಸಿದರೆ ಇದು ಸರಿಹೋಗುವುದಿಲ್ಲ, ಏಕೆಂದರೆ ಕೊರತೆ ಇರುವುದು ದಿಕ್ಕಿನಲ್ಲಿ. ಪಟ್ಟಿಗಳನ್ನು ಗಾಜಿನ ಬಾಗಿಲಿನ ಹಿಂದಿನ ಮೇಲಂಚಿಗೆ ತಂದು, ಒಳಮುಖವಾಗಿ 45 ಡಿಗ್ರಿ ಓರೆಯಿರುವ ಅಲ್ಯೂಮಿನಿಯಂ ಚಾನೆಲ್‌ನಲ್ಲಿ ಕೂರಿಸಿ, ಹಾಲುಬಿಳುಪಿನ ಮುಚ್ಚಳ ಹಾಕಿದೆ. ಮೀಟರಿಗೆ 60ರ ಬದಲು 120 ಎಲ್‌ಇಡಿಗಳಿರುವ ಪಟ್ಟಿಯನ್ನು ಆರಿಸಿದ್ದರಿಂದ ಚುಕ್ಕೆಗಳು ಬೆರೆತು ಒಂದೇ ಗೆರೆಯಾದವು. ನೋಡುವವರ ಕಣ್ಣಿಗೆ ಬೆಳಕು ಚುಚ್ಚದಂತೆ ಚಾನೆಲ್‌ನ ಮುಂದೆ ಕಿರಿದಾದ ಮರದ ಪಟ್ಟಿಯೊಂದನ್ನು ಅಡ್ಡ ಹೊಡೆದದ್ದು, ನನ್ನ ಪ್ರಕಾರ, ಇಡೀ ಕೆಲಸದಲ್ಲಿ ಅತ್ಯಂತ ಅಗ್ಗದ ಹಾಗೂ ಅತ್ಯಂತ ಪರಿಣಾಮಕಾರಿ ಭಾಗ.

ಪಟ್ಟಿಗಳನ್ನು ಒಂದರ ತುದಿಗೆ ಇನ್ನೊಂದರಂತೆ ಜೋಡಿಸಿದ್ದಾಗ ಕೊನೆಯ ಅಂಕಣ ಮಂಕಾಗುತ್ತಿತ್ತು. ವೋಲ್ಟೇಜ್ ದಾರಿಯಲ್ಲೇ ಕುಸಿಯುತ್ತದೆ. ಈಗ ಪ್ರತಿ ಅಂಕಣಕ್ಕೂ ಅಡಾಪ್ಟರಿನಿಂದ ಪ್ರತ್ಯೇಕ ತಂತಿ ಹೋಗುತ್ತದೆ. ಮೀಟರಿಗೆ 9.6 ವಾಟ್‌ನಂತೆ ಮೂರು ಮೀಟರಿಗೆ 29 ವಾಟ್ ಬೇಕಾಗುವುದರಿಂದ 12 ವೋಲ್ಟಿನಲ್ಲಿ 60 ವಾಟ್ ಕೊಡುವ 5 ಆಂಪಿಯರ್ ಅಡಾಪ್ಟರ್ ಧಾರಾಳವಾಗಿ ಸಾಕು. ಅದನ್ನು ಕಪಾಟಿನ ಹೊರಗಿಟ್ಟು, ಹಿಂಬದಿಯಲ್ಲಿ ಗಾಳಿಗೆ ರಂಧ್ರ ಕೊರೆಸಿದ್ದೇನೆ: ಮುಚ್ಚಿದ ಬಿಸಿ ಜಾಗದಲ್ಲಿ ಪಿವಿಸಿ ಗೊಂಬೆಗಳ ಮೈ ಅಂಟಂಟಾಗುತ್ತದೆ.