ಮೊದಲು ಅರ್ಜಿ, ಆಮೇಲೆ ಗಿಟ್ ಪುಶ್

ಬೋರ್‌ವೆಲ್ ಪಂಪ್ ನಿಯಂತ್ರಕದ ಪೇಟೆಂಟ್‌ಗೆ ಕೂತಾಗ ನಾವು ಮೊದಲು ಬರೆದದ್ದು ಕ್ಲೇಮ್ (ಯಾವುದಕ್ಕೆ ಹಕ್ಕು ಬೇಕೆಂದು ಹೇಳುವ ಭಾಗ) ಅಲ್ಲ, ಒಳಗಿರುವ ಕೋಡ್ ಯಾರದ್ದು, ಲೈಸೆನ್ಸ್ ಯಾವುದು ಎಂಬ ಪಟ್ಟಿ. ಪಂಪ್ ನಡೆಸುವ ಚಿಪ್ಪಾದ ಮೈಕ್ರೊಕಂಟ್ರೋಲರ್‌ನಲ್ಲಿ ಫ್ರೀಆರ್‌ಟಿಒಎಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್ (ಎಂಐಟಿ ಲೈಸೆನ್ಸ್), ಅದನ್ನು ನೆಟ್‌ವರ್ಕ್‌ಗೆ ಜೋಡಿಸುವ ಗೇಟ್‌ವೇಯಲ್ಲಿ ಲಿನಕ್ಸ್ ಕರ್ನಲ್ (ಜಿಪಿಎಲ್ 2 ಲೈಸೆನ್ಸ್), ಸಾಧನಗಳ ನಡುವಿನ ಸಂದೇಶಕ್ಕೆ ಎಂಕ್ಯೂಟಿಟಿ ಎಂಬ ಪ್ರೋಟೊಕಾಲ್. ಎಂಕ್ಯೂಟಿಟಿ 2014ರಲ್ಲೇ ಓಯಸಿಸ್ ಎಂಬ ಮಾನಕ ಸಂಸ್ಥೆಯ ಮಾನಕ, 2016ರಲ್ಲಿ ಐಎಸ್‌ಒ ಮಾನಕವೂ ಆಯಿತು. ಹಾಗಾಗಿ 'ಎಂಕ್ಯೂಟಿಟಿಯಿಂದ ಪಂಪ್ ಚಾಲೂ ಮಾಡುವುದು' ಎಂದು ಕ್ಲೇಮ್ ಬರೆದರೆ ಅದು ಹಳೆಯದೆಂದು ತೋರಿಸಲು ಪೇಟೆಂಟ್ ಪರೀಕ್ಷಕರಿಗೆ ಹೆಚ್ಚು ಹುಡುಕುವ ಕೆಲಸವಿಲ್ಲ.

ಡ್ರೈ ರನ್ (ನೀರಿಲ್ಲದೆ ಪಂಪ್ ಓಡುವುದು) ರಕ್ಷಣೆಯೂ ಹಳೆಯದೇ. ಕರೆಂಟ್ ಇಳಿದರೆ ಟ್ರಿಪ್ ಆಗುವ ರಿಲೇ ಅಂಗಡಿಯಲ್ಲೇ ಸಿಗುತ್ತದೆ. ನಮ್ಮದೆನ್ನಲು ಉಳಿದದ್ದು ಸಣ್ಣದು: ಹಳ್ಳಿಯ ಲೈನಿನಲ್ಲಿ ವೋಲ್ಟೇಜ್ ಏರುಪೇರಾದಾಗ ಕರೆಂಟ್ ಒಂದನ್ನೇ ನಂಬಿದರೆ ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ, ಅದಕ್ಕೆ ಕರೆಂಟ್, ವೋಲ್ಟೇಜ್ ಎರಡನ್ನೂ ಕೂಡಿಸಿ ನೋಡಿ ಕಾಂಟ್ಯಾಕ್ಟರ್ (ಪಂಪಿಗೆ ವಿದ್ಯುತ್ ಕೊಡುವ ಸ್ವಿಚ್) ಬಿಡಿಸುವ ಕ್ರಮ.

ಪೇಟೆಂಟ್ ಕಾಯ್ದೆಯ 3(ಕೆ) ಕಲಮು ಬರೀ ಕಂಪ್ಯೂಟರ್ ಪ್ರೋಗ್ರಾಮ್‌ಗೆ, ಅಲ್ಗಾರಿದಮ್‌ಗೆ ಪೇಟೆಂಟ್ ಕೊಡುವುದಿಲ್ಲ. 2019ರ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಪ್ರೋಗ್ರಾಮ್‌ನಿಂದ ಆಗುವ ತಾಂತ್ರಿಕ ಪರಿಣಾಮ ನೋಡಿ ಎಂದಿತು. ಆದ್ದರಿಂದ ಕ್ಲೇಮ್ ಸೆನ್ಸರ್‌ನಿಂದ ಶುರುವಾಗಿ ಕಾಂಟ್ಯಾಕ್ಟರ್‌ನಲ್ಲಿ ಮುಗಿಯಬೇಕು. ಹಳೆ ರಿಲೇ ಎಷ್ಟು ಸಲ ತಪ್ಪು ಟ್ರಿಪ್ ಕೊಟ್ಟಿತು, ಹೊಸದು ಎಷ್ಟು ಎಂಬ ಅಳತೆಯನ್ನು ವಿವರಣೆಯಲ್ಲೇ ಹಾಕಬೇಕು. ಅದು ಆಮೇಲೆ ಸೇರಿಸುವ ವಿಷಯವಲ್ಲ.

ಲೈಸೆನ್ಸ್‌ನಲ್ಲಿ ಹೆಚ್ಚಿನವರು ಎಡವುತ್ತಾರೆ. ಓಪನ್ ಸೋರ್ಸ್ ಬಳಸಿದ ಮಾತ್ರಕ್ಕೆ ಪೇಟೆಂಟ್ ಕೈತಪ್ಪದು. ಆದರೆ ಅಪಾಚೆ 2.0 ಲೈಸೆನ್ಸಿನ ಯೋಜನೆಗೆ ಕೋಡ್ ಕೊಟ್ಟರೆ, ಆ ಕೋಡ್ ತಗುಲುವ ನಿಮ್ಮ ಕ್ಲೇಮ್‌ಗಳಿಗೆ ಬಳಕೆದಾರರಿಗೆಲ್ಲ ಪುಕ್ಕಟೆ ಪರವಾನಗಿ ಹೋಗುತ್ತದೆ. ಜಿಪಿಎಲ್ 3ರ 11ನೇ ಕಲಮು ಇನ್ನೂ ಅಗಲ: ನಿಮ್ಮ ಆವೃತ್ತಿ ಪೂರ್ತಿ ಅದರಡಿ ಬರುತ್ತದೆ. ಇದೇ ಕ್ರಮವನ್ನು ಕರ್ನಲ್ ಡ್ರೈವರ್ ಮಾಡಿ ಹಂಚಿದರೆ ಜಿಪಿಎಲ್ 2 ಇರುವಾಗ ಅದಕ್ಕೆ ರಾಯಲ್ಟಿ ಕೇಳಲಾಗದು. ಹಾಗಾಗಿ ಅದನ್ನು ಮೈಕ್ರೊಕಂಟ್ರೋಲರ್ ಫರ್ಮ್‌ವೇರ್‌ನಲ್ಲೇ ಇಟ್ಟೆವು. ಗೇಟ್‌ವೇಗೆ ಹೋಗುವುದು ಅಳತೆಯ ಅಂಕಿ ಮಾತ್ರ.

ಅರ್ಜಿ ಸಲ್ಲಿಸಿದ್ದು ಚೆನ್ನೈ ಪೇಟೆಂಟ್ ಕಚೇರಿಗೆ, ಕರ್ನಾಟಕ ಅದರ ವ್ಯಾಪ್ತಿಯದು. ಫಾರ್ಮ್ 1, 2ರೊಂದಿಗೆ ಪ್ರೊವಿಷನಲ್, ಅಂದರೆ ತಾತ್ಕಾಲಿಕ ಅರ್ಜಿ. ಸ್ಟಾರ್ಟಪ್ ಅಥವಾ ಸಣ್ಣ ಉದ್ಯಮವಾದರೆ ಫಾರ್ಮ್ 28 ಸೇರಿಸಿ ಆನ್‌ಲೈನ್ ಶುಲ್ಕ 1,600 ರೂಪಾಯಿ, ದೊಡ್ಡ ಕಂಪನಿಗೆ 8,000. 12 ತಿಂಗಳೊಳಗೆ ಪೂರ್ಣ ವಿವರಣೆ. 2024ರ ನಿಯಮದಂತೆ ಪರೀಕ್ಷೆ ಕೋರುವ ಫಾರ್ಮ್ 18ಕ್ಕೆ ಮೊದಲ ಅರ್ಜಿಯಿಂದ 31 ತಿಂಗಳು. ಹಳೆ ಬರಹಗಳಲ್ಲಿ 48 ಎಂದಿರುತ್ತದೆ, ನಂಬಬೇಡಿ.

ಪ್ರೊವಿಷನಲ್ ಕಾಯುವುದು ಅದರಲ್ಲಿ ಬರೆದಷ್ಟನ್ನು ಮಾತ್ರ. ನಡುವೆ ಹೊಳೆದ ಸುಧಾರಣೆಯನ್ನು ಸಾರ್ವಜನಿಕ ರೆಪೊಗೆ (ಎಲ್ಲರೂ ನೋಡಬಲ್ಲ ಕೋಡ್ ಸಂಗ್ರಹಕ್ಕೆ) ಹಾಕಿದರೆ ಅದರ ಹೊಸತನ ಅಲ್ಲೇ ಹೋಯಿತು. ಮೊದಲೇ ಬಹಿರಂಗವಾದದ್ದಕ್ಕೆ ಪೇಟೆಂಟ್ ಕಾಯ್ದೆಯ 31ನೇ ಕಲಮು ಕೊಡುವ ರಿಯಾಯಿತಿ ಅಧಿಸೂಚಿತ ಪ್ರದರ್ಶನ, ವಿದ್ವತ್ ಸಂಘದ ಪ್ರಬಂಧದಂಥವಕ್ಕೆ; ರೆಪೊಗೆ ಹಾಕಿದ ಕಮಿಟ್‌ಗೆ ಅಲ್ಲ.