ಸಣ್ಣ ಸಿಎನ್‌ಸಿ ಮಿಲ್‌ನಲ್ಲಿ ಥ್ರೆಡ್ ಸರಿಬರಲು ನಾನು ಮಾಡಿದ್ದು

ಸಣ್ಣ ಸಿಎನ್‌ಸಿ ಮಿಲ್‌ನಲ್ಲಿ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮೆಷಿನ್) ತೂತಿನೊಳಗೆ ಹಾಕಿದ ಥ್ರೆಡ್ ಲೂಸ್ ಬಂದರೆ ಎಲ್ಲರಿಗೂ ಮೊದಲು ಥ್ರೆಡ್ ಹಾಕುವ ಟೂಲ್ ಆದ ಟ್ಯಾಪ್ ಮೇಲೆಯೇ ಅನುಮಾನ. ನನ್ನ ಮೆಷಿನ್‌ನಲ್ಲಿ ಟ್ಯಾಪ್ ಚೆನ್ನಾಗಿಯೇ ಇತ್ತು. ಟ್ಯಾಪ್ ಹಿಡಿದಿರುವ ಸ್ಪಿಂಡಲ್ ತಿರುಗುವುದಕ್ಕೂ, ಅದನ್ನು ಮೇಲೆ ಕೆಳಗೆ ಒಯ್ಯುವ ಝಡ್ ಅಕ್ಷ ಇಳಿಯುವುದಕ್ಕೂ ತಾಳೆ ಇರಲಿಲ್ಲ, ಅಷ್ಟೇ. ಬೋಲ್ಟ್ ಹಾಕಿದರೆ ಬಾಯಿ ಹತ್ತಿರ ಅಲುಗಾಡುತ್ತಿತ್ತು.

ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. ಎಂ6 (6 ಮಿ.ಮೀ. ಬೋಲ್ಟಿನ) ಟ್ಯಾಪ್, ಪಿಚ್ ಅಂದರೆ ಒಂದು ಸುತ್ತಿಗೆ ಇಳಿಯಬೇಕಾದ ದೂರ 1 ಮಿ.ಮೀ. 300 ಆರ್‌ಪಿಎಂ ಕೊಟ್ಟರೆ ಫೀಡ್, ಅಂದರೆ ಝಡ್ ಇಳಿಯುವ ವೇಗ, ನಿಮಿಷಕ್ಕೆ 300 ಮಿ.ಮೀ. ಆದರೆ ಲೋಡ್ ಬಿದ್ದ ಕೂಡಲೇ ಇಂಡಕ್ಷನ್ ಮೋಟರ್ ಸ್ವಲ್ಪ ನಿಧಾನವಾಗುತ್ತದೆ, ಮೋಟರ್ ವೇಗ ನಿಯಂತ್ರಿಸುವ ಸಾದಾ ವಿಎಫ್‌ಡಿಯ ಡಿಸ್‌ಪ್ಲೇ ಮಾತ್ರ ಅದೇ ಅಂಕಿ ತೋರಿಸುತ್ತಿರುತ್ತದೆ. ನಿಜವಾದ ವೇಗ 291 ಆಯ್ತು ಅಂದುಕೊಳ್ಳಿ, ಬರೀ ಶೇ. 3 ಕಮ್ಮಿ. ಝಡ್ 12 ಮಿ.ಮೀ. ಇಳಿಯುವಷ್ಟರಲ್ಲಿ ಟ್ಯಾಪ್ ತಿರುಗಿರುವುದು 11.64 ಸುತ್ತು. ಮಿಕ್ಕ 0.36 ಮಿ.ಮೀ. ಎಲ್ಲಿಗೆ ಹೋಗಬೇಕು? ಟ್ಯಾಪನ್ನು ಒತ್ತಿ ಥ್ರೆಡ್ಡಿನ ಒಂದು ಪಕ್ಕ ಕೆರೆಯುತ್ತದೆ, ಇಲ್ಲದಿದ್ದರೆ ಟ್ಯಾಪ್ ಮುರಿಯುತ್ತದೆ.

ಸುಲಭದ ದಾರಿ ಅಂದರೆ ಫ್ಲೋಟಿಂಗ್ ಟ್ಯಾಪ್ ಹೋಲ್ಡರ್. ಒಳಗಿನ ಸ್ಪ್ರಿಂಗ್ ಈ ವ್ಯತ್ಯಾಸವನ್ನು ತಡೆದುಕೊಳ್ಳುತ್ತದೆ. ಅದಕ್ಕೆ ಫೀಡನ್ನು ಪಿಚ್ ಲೆಕ್ಕಕ್ಕಿಂತ ಶೇ. 2-3 ಕಮ್ಮಿ ಕೊಡಬೇಕು, ಆಗ ಟ್ಯಾಪ್ ತಾನೇ ಹೋಲ್ಡರನ್ನು ಕೆಳಗೆ ಎಳೆದುಕೊಂಡು ಹೋಗುತ್ತದೆ. ಆರಪಾರ ತೂತಿಗೆ ಇಷ್ಟು ಸಾಕು. ತಳ ಮುಚ್ಚಿರುವ ಬ್ಲೈಂಡ್ ಹೋಲ್‌ಗೆ ಸಾಲದು, ಆಳ ಒಂದೇ ಸಮ ಬರುವುದಿಲ್ಲ.

ಹಾಗಾಗಿ ಸ್ಪಿಂಡಲ್‌ಗೇ ಎನ್‌ಕೋಡರ್, ಅಂದರೆ ಎಷ್ಟು ತಿರುಗಿತು ಅಂತ ಎಣಿಸುವ ಸೆನ್ಸರ್, ಹಾಕಿದೆ. ಮೋಟರ್‌ಗಲ್ಲ, ಸ್ಪಿಂಡಲ್‌ಗೆ; ಮಧ್ಯದ ಬೆಲ್ಟ್ ಜಾರಿದರೆ ಮೋಟರ್ ಮೇಲಿನ ಎನ್‌ಕೋಡರ್‌ಗೆ ಅದು ಗೊತ್ತೇ ಆಗುವುದಿಲ್ಲ. 100 ಸೀಳಿನ ಡಿಸ್ಕ್, ಎ ಮತ್ತು ಬಿ ಸಿಗ್ನಲ್, ಸುತ್ತಿಗೊಂದು ಇಂಡೆಕ್ಸ್ ಪಲ್ಸ್. ಎ, ಬಿ ಎರಡರ ಏರಿಳಿತವನ್ನೂ ಎಣಿಸಿದರೆ ಸೀಳಿಗೆ ನಾಲ್ಕರಂತೆ ಸುತ್ತಿಗೆ 400 ಕೌಂಟ್ ಸಿಗುತ್ತದೆ, ಅಂದರೆ 1 ಮಿ.ಮೀ. ಪಿಚ್‌ಗೆ ಒಂದು ಕೌಂಟ್ 0.0025 ಮಿ.ಮೀ. ನಮ್ಮಂಥವರ ಮೆಷಿನ್‌ಗಳ ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸಿದಾಗಿನ ಸಡಿಲ) ಇದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ, ಹಾಗಾಗಿ ಸಾವಿರಾರು ಕೌಂಟಿನ ಎನ್‌ಕೋಡರ್ ಬೇಕೇ ಬೇಕು ಅಂತ ನನಗೆ ಅನಿಸುವುದಿಲ್ಲ. ಬೇಕಾದದ್ದು ಕೌಂಟ್ ತಪ್ಪದಿರುವುದು. ಎರಡು ಇಂಡೆಕ್ಸ್ ನಡುವೆ ಪ್ರತಿ ಸಲವೂ 400 ಬರಬೇಕು, 401 ಬಂದರೂ ಒಪ್ಪಬೇಡಿ. ವಿಎಫ್‌ಡಿ ಆನ್ ಮಾಡಿದಾಗ ಮಾತ್ರ ಕೌಂಟ್ ಏರುಪೇರಾದರೆ ಅದು ನಾಯ್ಸ್, ಅಂದರೆ ವಿದ್ಯುತ್ ಅಡಚಣೆ. ನಾನು ಶೀಲ್ಡ್ ಇರುವ ಕೇಬಲ್ ಹಾಕಿ, ಶೀಲ್ಡನ್ನು ಒಂದೇ ತುದಿಯಲ್ಲಿ ಗ್ರೌಂಡ್ ಮಾಡಿ, ಮೋಟರ್ ವೈರಿನಿಂದ ದೂರ ಎಳೆದ ಮೇಲೆ ಕೌಂಟ್ ನಿಂತಿತು.

ಮೆಷಿನ್ ನಡೆಸುವ ನನ್ನ ಸಾಫ್ಟ್‌ವೇರ್ ಲಿನಕ್ಸ್‌ಸಿಎನ್‌ಸಿ. ಅದರಲ್ಲಿ ಥ್ರೆಡ್ ಹಾಕುವ ಆದೇಶ ಜಿ33.1 ಕೊಟ್ಟರೆ ಇಂಡೆಕ್ಸ್ ಪಲ್ಸ್ ನೋಡಿ ಶುರುವಾಗಿ, ಸ್ಪಿಂಡಲ್ ಎಷ್ಟು ತಿರುಗುತ್ತದೋ ಝಡ್ ಅಷ್ಟೇ ಇಳಿಯುತ್ತದೆ. ವೇಗ 291 ಆಗಲಿ 280 ಆಗಲಿ, ಪಿಚ್ ಕೆಡುವುದಿಲ್ಲ. ಇಂಡೆಕ್ಸ್‌ನಿಂದ ಶುರುವಾಗುವುದರಿಂದ, ಶುರುಮಾಡುವ ಝಡ್ ಬದಲಿಸದೆ ಅದೇ ತೂತಿಗೆ ಇನ್ನೂ ಆಳವಾಗಿ ಮತ್ತೊಮ್ಮೆ ಇಳಿಸಿದರೆ ಹಳೆಯ ಥ್ರೆಡ್ಡಿನಲ್ಲೇ ಕೂರುತ್ತದೆ. ಆದರೆ ಝಡ್‌ಗೆ ಸ್ಪಿಂಡಲ್ ವೇಗ ಹಿಡಿಯಲು ಸ್ವಲ್ಪ ಜಾಗ ಬೇಕು. ನಾನು ತೂತಿನ ಬಾಯಿಗಿಂತ ಕನಿಷ್ಠ 5 ಮಿ.ಮೀ. ಮೇಲಿನಿಂದ ಶುರುಮಾಡುತ್ತೇನೆ. ಬಾಯಿ ಹತ್ತಿರದ ಅಲುಗಾಟ ಹೋದದ್ದು ಇದಾದ ಮೇಲೆಯೇ.

ಇನ್ನು ತಳದ ವಿಷಯ. ಕೊಟ್ಟ ಆಳ ಮುಟ್ಟಿದಾಗ ಸ್ಪಿಂಡಲ್‌ಗೆ ಉಲ್ಟಾ ತಿರುಗು ಅಂತ ಆದೇಶ ಹೋಗುತ್ತದೆ, ಅದು ತಕ್ಷಣ ನಿಲ್ಲುತ್ತದಾ? ಇಲ್ಲ. ನಿಲ್ಲುವವರೆಗೂ ಝಡ್ ಜೊತೆಯಲ್ಲೇ ಇಳಿಯುತ್ತದೆ, ಇಳಿಯಲೇಬೇಕು. ನನ್ನಲ್ಲಿ 300 ಆರ್‌ಪಿಎಂಗೆ ಸುಮಾರು ಎರಡು ಸುತ್ತು, ಅಂದರೆ 2 ಮಿ.ಮೀ. ಹೆಚ್ಚು ಆಳ. ಟ್ಯಾಪ್ ಇಲ್ಲದೆ ಗಾಳಿಯಲ್ಲಿ ಓಡಿಸಿ, ಝಡ್ ಮುಟ್ಟಿದ ಅತಿ ಕೆಳಗಿನ ಅಂಕಿ ನೋಡಿಕೊಂಡರೆ ನಿಮ್ಮದೂ ಗೊತ್ತಾಗುತ್ತದೆ. ವಿಎಫ್‌ಡಿ ಒಂದೇ ಸಮ ವೇಗ ಇಳಿಸುವುದಾದರೆ, ಆರ್‌ಪಿಎಂ ಅರ್ಧ ಮಾಡಿದಾಗ ಈ ಹೆಚ್ಚುವರಿ ಸುತ್ತು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ: ನಿಲ್ಲುವ ಸಮಯವೂ ಅರ್ಧ, ಸರಾಸರಿ ವೇಗವೂ ಅರ್ಧ. ಹಾಗಾಗಿ ಬ್ಲೈಂಡ್ ಹೋಲ್‌ಗೆ 150 ಇಡುತ್ತೇನೆ. ಅಷ್ಟು ಕಮ್ಮಿ ವೇಗದಲ್ಲಿ ಮೋಟರ್‌ಗೆ ದಮ್ಮು ಇರುವುದಿಲ್ಲ, ಬೆಲ್ಟನ್ನು ಲೋ ರೇಶಿಯೋಗೆ ಹಾಕಿಕೊಳ್ಳಬೇಕು.

ತೂತೂ ಸರಿ ಇರಬೇಕು ಅಲ್ವಾ. ಕಟಿಂಗ್ ಟ್ಯಾಪ್ ಆದರೆ ಎಂ6ಗೆ 5.0, ಎಂ5ಗೆ 4.2, ಎಂ4ಗೆ 3.3 ಡ್ರಿಲ್. ಫಾರ್ಮ್ ಟ್ಯಾಪ್ ಆದರೆ ಎಂ6ಗೆ 5.5 ಆಸುಪಾಸು, ಏಕೆಂದರೆ ಅದು ಲೋಹವನ್ನು ಕತ್ತರಿಸದೆ ಒತ್ತಿ ಥ್ರೆಡ್ ಎಬ್ಬಿಸುತ್ತದೆ. ಡ್ರಿಲ್ ಮತ್ತು ಟ್ಯಾಪ್ ಎರಡನ್ನೂ ಆದಷ್ಟು ಟೇಬಲ್ ಸರಿಸದೆ ಒಂದೇ ಜಾಗದಲ್ಲಿ ಮಾಡುತ್ತೇನೆ. ಸರಿಸಲೇಬೇಕಾದರೆ ಪ್ರತಿ ತೂತಿಗೂ ಒಂದೇ ದಿಕ್ಕಿನಿಂದ ಬರುವ ಹಾಗೆ ಪ್ರೋಗ್ರಾಂ ಬರೆದರೆ ಬ್ಯಾಕ್‌ಲ್ಯಾಶ್ ಕಾಟ ಕೊಡುವುದಿಲ್ಲ. ಅಲ್ಯೂಮಿನಿಯಂಗೆ ಸೀಮೆಎಣ್ಣೆ ಒಳ್ಳೆಯದು. ಒಣಗಿದ ತೂತಿಗೆ ಟ್ಯಾಪ್ ಇಳಿಸಬೇಡಿ.

ಬೋಲ್ಟ್ ಹಾಕಿ ನೋಡುವುದು ಪರೀಕ್ಷೆಯಲ್ಲ. ಥ್ರೆಡ್ ಅಳತೆ ನೋಡುವ 6ಎಚ್ (ಸಾಮಾನ್ಯ ಅಳತೆ ಮಿತಿಯ) ಗೋ ಮತ್ತು ನೋ-ಗೋ ಗೇಜ್ ಇಟ್ಟುಕೊಳ್ಳಿ. ಗೋ ಪೂರ್ತಿ ಇಳಿಯಬೇಕು, ನೋ-ಗೋ ಎರಡು ಸುತ್ತು ದಾಟಬಾರದು. ಎನ್‌ಕೋಡರ್‌ಗೆ ಮುಂಚೆ ನೋ-ಗೋ ಸಲೀಸಾಗಿ ಒಳಗೆ ಹೋಗುತ್ತಿತ್ತು, ಈಗ ಒಂದು ಸುತ್ತಿಗೇ ಹಿಡಿಯುತ್ತದೆ. ಎಂ3ಗಿಂತ ಸಣ್ಣದನ್ನು ಮಾತ್ರ ಇಂದಿಗೂ ಸ್ಪಿಂಡಲ್ ಓಡಿಸಿ ಹಾಕುವುದಿಲ್ಲ. ಟ್ಯಾಪ್ ನೆಟ್ಟಗೆ ಇಳಿಯುವ ಹಾಗೆ ಸ್ಪಿಂಡಲ್‌ನಲ್ಲಿ ಆಸರೆ ಕೊಟ್ಟು ಕೈಯಲ್ಲೇ ತಿರುಗಿಸುತ್ತೇನೆ.