ನಡುವರ್ಷದಲ್ಲಿ ಬಂದ ಮಗುವಿಗೆ ಕನ್ನಡ ಶಾಲೆಯಲ್ಲಿ ಕಲಿಸುವುದು ಹೇಗೆ?

ಕಟ್ಟಡ ಕೆಲಸದ ಶೆಡ್ಡಿನಿಂದ ಬಂದ ಹೊರರಾಜ್ಯದ ಮಗು ಸರ್ಕಾರಿ ಶಾಲೆಯ ಕೊನೆ ಬೆಂಚಿನಲ್ಲಿ ಸುಮ್ಮನೆ ಕೂತರೆ ಸಾಕು, ‘ಕಲಿಕೆಯಲ್ಲಿ ಹಿಂದೆ’ ಎಂಬ ಹಣೆಪಟ್ಟಿ ಬೀಳುತ್ತದೆ. ಅದಕ್ಕೆ ಬಾರದಿರುವುದು ಕನ್ನಡವೋ ಪಾಠವೋ ಎಂದು ಯಾರೂ ಬಿಡಿಸಿ ನೋಡಿರುವುದಿಲ್ಲ.

1. ಬಂದ ದಿನವೇ ದಾಖಲಿಸಿ. ಟಿಸಿ ಇಲ್ಲ, ಜನನ ಪ್ರಮಾಣಪತ್ರ ಇಲ್ಲ, ಜೂನ್ ಮುಗಿದಿದೆ ಎಂದು ವಾಪಸ್ ಕಳಿಸುವಂತಿಲ್ಲ. 6ರಿಂದ 14 ವರ್ಷದ ಮಕ್ಕಳ ವಿಷಯದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ವಯಸ್ಸಿಗೆ ತಕ್ಕ ತರಗತಿಗೇ ಹಾಕಿ. ಹತ್ತು ವರ್ಷದ ಹುಡುಗಿಯನ್ನು ಒಂದನೇ ತರಗತಿಯಲ್ಲಿ ಕೂರಿಸಿದರೆ ನಾಚಿಕೆಗೇ ಶಾಲೆ ಬಿಡುತ್ತಾಳೆ.

2. ಮೊದಲ ವಾರದಲ್ಲಿ ಇಪ್ಪತ್ತು ನಿಮಿಷ ಮಗುವಿನ ಭಾಷೆಯಲ್ಲೇ ಪರೀಕ್ಷಿಸಿ. ಹಳೇ ನೋಟ್‌ಬುಕ್ ಇದ್ದರೆ ತರಿಸಿ. ಆ ಭಾಷೆ ಬಲ್ಲ ದೊಡ್ಡ ತರಗತಿಯ ವಿದ್ಯಾರ್ಥಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದು ಪ್ಯಾರಾ ಓದಿಸಿ, ಎರಡು ವಾಕ್ಯ ಬರೆಸಿ, ದಶಕ ತೆಗೆದುಕೊಂಡು ಕಳೆಯುವ ಒಂದು ಲೆಕ್ಕ ಕೊಡಿ. ಲೆಕ್ಕ ಸರಿ ಬಂತೇ? ಹಾಗಾದರೆ ಗಣಿತದಲ್ಲಿ ಹಿಂದಕ್ಕೆ ಹೋಗಬೇಡಿ, ಪದಗಳನ್ನಷ್ಟೇ ಕಲಿಸಿ.

3. ಹೆಚ್ಚಿನವರು ಎಡವುವುದು ಲಿಪಿಯಲ್ಲಿ. ಹಿಂದಿ ಓದಿ ಬಂದ ಮಗುವಿಗೆ ಅ ಆ ಇ ಈ ಎಂದು ಮೂರು ತಿಂಗಳು ತಿದ್ದಿಸುವುದು ದಂಡ. ಸ್ವರ, ವ್ಯಂಜನ, ಕಾಗುಣಿತದ ಕ್ರಮ ಅದಕ್ಕೆ ಆಗಲೇ ಗೊತ್ತಿದೆ, ಬದಲಾದದ್ದು ಆಕಾರ ಮಾತ್ರ. ಸಮಯವನ್ನು ಹಿಂದಿಯಲ್ಲಿ ಇಲ್ಲದ್ದಕ್ಕೆ ಮೀಸಲಿಡಿ. ಅಲ್ಲಿ ಹ್ರಸ್ವ ಎ, ಒ ಇಲ್ಲ. ಹಾಗಾಗಿ ‘ಬೆಳೆ’ ಮತ್ತು ‘ಬೇಳೆ’, ‘ಕೊಡು’ ಮತ್ತು ‘ಕೋಡು’ ಮಗುವಿನ ಕಿವಿಗೆ ಒಂದೇ. ಳ ಇಲ್ಲ, ‘ಬಳೆ’ ‘ಬಲೆ’ಯಾಗುತ್ತದೆ. ಕೊನೆಯ ಅಕಾರವನ್ನು ನುಂಗುವುದು ರೂಢಿ, ಆದ್ದರಿಂದ ‘ಮರ’ವನ್ನು ‘ಮರ್’ ಎಂದು ಓದುತ್ತದೆ. ಇದನ್ನು ಉಡಾಫೆ ಎಂದುಕೊಂಡು ಗದರಬೇಡಿ. ದಿನಕ್ಕೆ ಐದು ಜೋಡಿ ಪದ, ಹತ್ತು ನಿಮಿಷ: ನೀವು ಹೇಳಿ, ಮಗು ಚಿತ್ರ ಮುಟ್ಟಲಿ. ವ್ಯತ್ಯಾಸ ಕಿವಿಗೆ ಹತ್ತಿದ ಮೇಲೆ ಬರೆಸಿ. ಈ ಕ್ರಮ ತಿರುವುಮುರುವಾದರೆ ತಪ್ಪು ಕಾಗುಣಿತ ಕೈಗೆ ಅಂಟುತ್ತದೆ.

ಕನ್ನಡ ಪದದ ಕೆಳಗೆ ದೇವನಾಗರಿಯಲ್ಲಿ ಉಚ್ಚಾರ ಅಚ್ಚು ಹಾಕಿದ ಪುಸ್ತಕಗಳನ್ನು ಕೊಳ್ಳಲೇಬೇಡಿ. ಅವುಗಳಲ್ಲಿ ಬೆಳೆ, ಬೇಳೆ ಎರಡಕ್ಕೂ ಸಾಮಾನ್ಯವಾಗಿ ಒಂದೇ ಬರಹ. ಕಲಿಯಬೇಕಾದ ವ್ಯತ್ಯಾಸವೇ ಅಳಿಸಿಹೋಗಿರುತ್ತದೆ.

ಬಂಗಾಳಿ ಮಕ್ಕಳು ‘ವಾರ’ವನ್ನು ‘ಬಾರ’ ಎನ್ನುತ್ತಾರೆ, ಅವರಿಗೆ ವ–ಬ ಜೋಡಿಗಳನ್ನು ಕೊಡಿ. ತೆಲುಗು ಓದಿದ ಮಕ್ಕಳು ಮೋಸಗೊಳಿಸುತ್ತಾರೆ: ಲಿಪಿ ಹತ್ತಿರದ್ದಾದ್ದರಿಂದ ಗಟ್ಟಿಯಾಗಿ ಓದಿಬಿಡುತ್ತಾರೆ, ಅರ್ಥ ಆಗಿರುವುದಿಲ್ಲ. ಓದಿದ್ದನ್ನು ಮಾಡಿ ತೋರಿಸಲು ಹೇಳಿ.

4. ಸಂಖ್ಯೆಯ ಹೆಸರು ಬೇರೆಯೇ ತೊಡಕು. ಕನ್ನಡದ ‘ಐವತ್ತಮೂರು’ ಐವತ್ತರಿಂದ ಶುರುವಾಗುತ್ತದೆ. ಹಿಂದಿಯ ‘ತಿರ್ಪನ್’ನಲ್ಲಿ ಮೂರು ಮೊದಲು, ಐವತ್ತು ಆಮೇಲೆ. 29ಕ್ಕೆ ‘ಉನ್ತೀಸ್’, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಬಾಯಿಲೆಕ್ಕದಲ್ಲಿ 53 ಎಂದಾಗ ಮಗು 35 ಬರೆದರೆ ಸೊನ್ನೆ ಕೊಡಬೇಡಿ. ಹತ್ತು ಕಡ್ಡಿಯ ಐದು ಕಟ್ಟು, ಮೂರು ಬಿಡಿ ಕಡ್ಡಿ ಇಟ್ಟು, ಮುಟ್ಟುತ್ತಾ ಹೇಳಿಸಿ.

5. ಬೆಂಚು: ಮುಂದಿನ ಸಾಲು, ಒಂದು ಪಕ್ಕ ಚೆನ್ನಾಗಿ ಮಾತಾಡುವ ಕನ್ನಡದ ಮಗು.

6. ಮೌನಕ್ಕೆ ಹೆದರಬೇಡಿ. ಕೆಲವು ಮಕ್ಕಳು ವಾರಗಟ್ಟಲೆ ಬಾಯಿ ತೆರೆಯುವುದಿಲ್ಲ, ಕೇಳಿಸಿಕೊಳ್ಳುತ್ತಿರುತ್ತವೆ. ಎದ್ದುನಿಲ್ಲಿಸಿ ಹೇಳಿಸುವ ಬದಲು ‘ಹೌದು’, ‘ಅಲ್ಲ’, ಬೆರಳು ತೋರಿಸುವುದು, ಇಷ್ಟಕ್ಕೇ ಉತ್ತರ ಸಿಗುವ ಪ್ರಶ್ನೆ ಕೇಳಿ. ಆಟದ ಬಯಲಲ್ಲಿ ಕನ್ನಡ ಹರಿಯತೊಡಗಿದ ಮೇಲೂ ಸಹಾಯ ನಿಲ್ಲಿಸಬೇಡಿ. ‘ಬಾ, ಕೊಡು, ಓಡು’ ಬಂದವರಿಗೆಲ್ಲ ‘ಆವಿಯಾಗುವಿಕೆ’, ‘ಭಾಜ್ಯ’ ಬಂದಿರುವುದಿಲ್ಲ. ಪ್ರತಿ ಪಾಠಕ್ಕೆ ಮುಂಚೆ ಇಂಥ ಆರು ಪದ ಆರಿಸಿ, ವಸ್ತು ತೋರಿಸಿ ಕಲಿಸಿಬಿಡಿ.

7. ಕೆಲಸ ಮುಗಿದರೆ ಕುಟುಂಬ ರಾತ್ರೋರಾತ್ರಿ ಹೊರಡುತ್ತದೆ. ಆದ್ದರಿಂದ ಒಂದು ಹಾಳೆಯನ್ನು ಮಗುವಿನ ಚೀಲದಲ್ಲೇ ಇಟ್ಟಿರಿ: ಯಾವ ಪಾಠದವರೆಗೆ ಆಯಿತು, ಯಾವ ಅಕ್ಷರ ಇನ್ನೂ ತೊಡಕು, ಲೆಕ್ಕದಲ್ಲಿ ಎಲ್ಲಿದೆ. ತಿಂಗಳಿಗೊಮ್ಮೆ ತಿದ್ದಿ, ದಿನಾಂಕ ಹಾಕಿ, ಶಾಲೆಯ ಮೊಹರು ಒತ್ತಿ. ಟಿಸಿ ಕೇಳಿದ ದಿನವೇ ಕೊಡಿ.